ಬೆಳ್ಳಿಯ ನೀರು, ಮಾಪಕದ ಮಾತು

ನಮ್ಮ ಸಮಾಜದ ಮನೆಗಳಲ್ಲಿ ಬೆಳ್ಳಿಗೆ ವಿಶೇಷವಾದ ಸ್ಥಾನವುಂಟು. ಕೂಸಿನ ಸೊಂಟಕ್ಕೆ ಬೆಳ್ಳಿಯ ಉಡಿದಾರ, ಹಾಲು ಕುಡಿಸಲು ಬೆಳ್ಳಿಯ ಒಳಲೆ, ದೀಕ್ಷೆಯಾದ ಮೇಲೆ ಇಷ್ಟಲಿಂಗಕ್ಕೆ ಬೆಳ್ಳಿಯ ಕರಡಿಗೆ, ಮದುವೆಯಲ್ಲಿ ಬೆಳ್ಳಿಯ ತಟ್ಟೆ ಬಟ್ಟಲು. ಹೀಗೆ ತೊಟ್ಟಿಲಿನಿಂದ ಮೊದಲ್ಗೊಂಡು ಬೆಳ್ಳಿ ನಮ್ಮೊಡನೆ ನಡೆದುಬರುತ್ತದೆ. ಆದುದರಿಂದ ಬೆಳ್ಳಿಯಿಂದ ಮನೆಯಲ್ಲೇ ಔಷಧಿ ಮಾಡಿಕೊಳ್ಳಬಹುದೆಂಬ ಮಾತು ಕಿವಿಗೆ ಬಿದ್ದಾಗ ನಮ್ಮ ಜನ ಅದನ್ನು ಬೇಗನೆ ನಂಬಿಬಿಡುವುದರಲ್ಲಿ ಆಶ್ಚರ್ಯವಿಲ್ಲ. ಅಂತಹ ನಂಬಿಕೆಯೊಂದು ನನ್ನ ಒಡಹುಟ್ಟಿದ ಅಕ್ಕನ ಮನೆಯನ್ನೇ ಹೊಕ್ಕಿತು. ಒಂದು ಚಿಕ್ಕ ಮಾಪಕ ತೋರಿಸಿದ ಅಂಕಿಗಳು ಅದಕ್ಕೆ ಬೆಂಬಲ ಕೊಟ್ಟವು. ನಡೆದುದನ್ನು ಅವರ ಒಪ್ಪಿಗೆ ಪಡೆದು ಓದುಗರ ಮುಂದಿಡುತ್ತಿದ್ದೇನೆ. ಮಠದ ಪಾಠಶಾಲೆಯಲ್ಲಿ ಸಂಸ್ಕೃತವನ್ನೂ ಶಾಸ್ತ್ರಗ್ರಂಥಗಳನ್ನೂ ಓದಿಕೊಂಡ ನನಗೆ ರಸಾಯನಶಾಸ್ತ್ರ ಹೊರಗಿನ ವಿಷಯ. ತಿಳಿದವರಲ್ಲಿ ಕೇಳಿ, ಕಣ್ಣಾರೆ ನೋಡಿ ಅರ್ಥಮಾಡಿಕೊಂಡಷ್ಟನ್ನೇ ಇಲ್ಲಿ ಬರೆದಿದ್ದೇನೆ.

ಗುಬ್ಬಿಯ ಮನೆಯಲ್ಲಿ

ನನ್ನ ಭಾವನವರು ಗುಬ್ಬಿಯವರು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮಕ್ಕಳಿಗೆ ಗಣಿತ ಕಲಿಸಿ ನಿವೃತ್ತರಾದವರು. ಅಕ್ಕನಿಗೆ ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ. ಕಳೆದ ಶ್ರಾವಣದಲ್ಲಿ ನಾನು ಅವರ ಮನೆಗೆ ಹೋದಾಗ ಅಡುಗೆಮನೆಯ ಗೂಡಿನಲ್ಲಿ ಒಂದು ಗಾಜಿನ ಲೋಟ, ಅದರೊಳಗೆ ಇಳಿಬಿಟ್ಟ ಎರಡು ಬೆಳ್ಳಿಯ ತಂತಿ, ತಂತಿಗೆ ಸೇರಿಸಿದ ಒಂಬತ್ತು ವೋಲ್ಟಿನ ಮೂರು ಬ್ಯಾಟರಿಗಳು ಕಂಡವು. ಪಕ್ಕದಲ್ಲಿ ಪೆನ್ನಿನಷ್ಟು ಉದ್ದದ ಒಂದು ಮಾಪಕ. ಶುದ್ಧ ನೀರಿನ ಘಟಕಗಳು ಊರೂರಿಗೂ ಬಂದ ಮೇಲೆ ಎಲ್ಲರ ಕೈಯಲ್ಲೂ ಕಾಣುವ ಟಿ.ಡಿ.ಎಸ್. ಮೀಟರಿನ ಜಾತಿಯದೇ ಅದು.

"ನೋಡಪ್ಪಾ, ನೀನು ವ್ಯಾಕರಣ ಓದಿದವನು, ನಿನಗೆ ಇದು ತಿಳಿಯದು. ಇದು ಬೆಳ್ಳಿಯ ನೀರು. ಕ್ರಿಮಿ ಯಾವುದೇ ಇರಲಿ, ಇದರ ಮುಂದೆ ನಿಲ್ಲದು" ಎಂದರು ಭಾವನವರು. ಯಾರೋ ಮೊಬೈಲಿಗೆ ಕಳುಹಿಸಿದ ಸಂದೇಶ ನೋಡಿ ಆರಂಭಿಸಿದ್ದರು. ಅಕ್ಕ ದಿನಕ್ಕೆ ಎರಡು ಲೋಟ ಆ ನೀರನ್ನು ಕುಡಿಯುತ್ತಿದ್ದಳು. ಅವಳ ಬಲಗಾಲಿನ ಹೆಬ್ಬೆರಳ ಬಳಿ ಚಪ್ಪಲಿ ಕಚ್ಚಿ ಆದ ಗಾಯವೊಂದಿತ್ತು. ಅದನ್ನೂ ಇದೇ ನೀರಿನಲ್ಲಿ ತೊಳೆಯುತ್ತಿದ್ದರು. "ನೋವೇ ಇಲ್ಲ ಕಣೋ, ಇಳಿದುಹೋಗಿದೆ" ಎಂದಳು ಅಕ್ಕ. ವೈದ್ಯರು ಬರೆದುಕೊಟ್ಟ ಗುಳಿಗೆಗಳಲ್ಲಿ ಒಂದು ಹೊತ್ತಿನದನ್ನು ಬಿಟ್ಟಿದ್ದಾಳೆಂಬುದು ಮಾತಿನ ನಡುವೆ ತಿಳಿಯಿತು.

ಆದರೆ ಭಾವನವರ ಚಿಂತೆ ಬೇರೆಯಾಗಿತ್ತು. ಮಾಪಕದ ಅಂಕಿಗಳು ಅವರಿಗೆ ಹೊಂದಿಕೆಯಾಗುತ್ತಿರಲಿಲ್ಲ. ಬಟ್ಟಿ ಇಳಿಸಿದ ನೀರಿಗೆ ಮೊದಲು 1 ಎಂದು ತೋರಿಸುತ್ತಿದ್ದ ಮಾಪಕ ಒಂದು ಗಂಟೆಯ ಮೇಲೆ 14 ತೋರಿಸುತ್ತಿತ್ತು. ಅದೇ ನೀರನ್ನು ಮುಚ್ಚಿಟ್ಟು ಮರುದಿನ ನೋಡಿದರೆ 8. ರಾತ್ರಿಯಿಡೀ ಬೆಳ್ಳಿ ಎಲ್ಲಿಗೆ ಹೋಯಿತು? ಇನ್ನು ಕುಣಿಗಲ್ಲಿನಲ್ಲಿರುವ ಅವರ ತಮ್ಮನೂ ಇದೇ ಪ್ರಯೋಗಕ್ಕೆ ಇಳಿದಿದ್ದರು. ಅವರು ಎಡೆಯೂರಿಗೆ ಹೋಗಿಬರುವಾಗ ಅಣ್ಣನಿಂದ ಒಂದು ಸೀಸೆ ನೀರನ್ನು ಕೊಂಡೊಯ್ದು ತಮ್ಮ ಮಾಪಕದಲ್ಲಿ ಅಳೆದರೆ ಅದು ಬರೀ 4 ತೋರಿಸಿತಂತೆ. ತಮ್ಮನ ನೀರು ಚಹದ ಕಷಾಯದಂತೆ ಕಂದು ಹಳದಿ; ಅಣ್ಣನದು ತಿಳಿ. "ನಿನ್ನ ನೀರಿನಲ್ಲಿ ಸತ್ವವಿಲ್ಲ" ಎಂದು ತಮ್ಮ, "ನಿನ್ನ ಮೀಟರೇ ಕೆಟ್ಟಿದೆ" ಎಂದು ಅಣ್ಣ. ಕಡೆಗೆ ಭಾವನವರು ಮನೆಯ ಕೊಳವೆಬಾವಿಯ ನೀರಿನಲ್ಲೇ ತಂತಿ ಇಳಿಬಿಟ್ಟು ನೋಡಿದರು. ಮಾಪಕದಲ್ಲಿ ಮೊದಲೇ ಕೆಲವು ನೂರಿದ್ದ ಅಂಕಿ ಗಂಟೆ ಕಳೆದರೂ ಹೆಚ್ಚುಕಡಿಮೆ ಅಷ್ಟೇ ಇತ್ತು. ನೀರು ಮಾತ್ರ ಮಜ್ಜಿಗೆಯಂತೆ ಮಸಕಾಗಿ, ಬಿಸಿಲಿಗೆ ಇಟ್ಟಾಗ ಊದಾ ಬಣ್ಣ ಬೆರೆತ ಬೂದಿಯಂತಾಯಿತು.

ಗಣಿತದ ಮೇಷ್ಟರಾದ ಅವರು ಇದಕ್ಕೊಂದು ಪರಿಹಾರವನ್ನೂ ಕಂಡುಕೊಂಡಿದ್ದರು. ರಾತ್ರಿ ಶಕ್ತಿ ಇಳಿಯುವುದಾದರೆ ದಿನವೂ ಹೊಸದಾಗಿ ಮಾಡುವುದು, ಹೆಚ್ಚು ಹೊತ್ತು ಮಾಡುವುದು, ಎರಡರ ಬದಲು ಮೂರು ಲೋಟ ಕುಡಿಸುವುದು! ನನಗೆ ಆ ಮಾಪಕದ ವಿಷಯ ತಿಳಿಯದಿದ್ದರೂ ಅಕ್ಕನ ಕಾಲು ನೋಡಿ ಎದೆ ಝಲ್ಲೆಂದಿತು. ಗಾಯದ ಸುತ್ತಲಿನ ಚರ್ಮ ಕಪ್ಪಿಟ್ಟಿತ್ತು. ಮರುದಿನ ಬೆಳಗ್ಗೆಯೇ ಇಬ್ಬರನ್ನೂ, ಆ ಸೀಸೆ ಮಾಪಕಗಳನ್ನೂ ಕರೆದುಕೊಂಡು ತುಮಕೂರಿಗೆ ಹೊರಟೆ.

ತುಮಕೂರಿನ ಅಧ್ಯಾಪಕರ ಮನೆಯಲ್ಲಿ

ತುಮಕೂರಿನಲ್ಲಿ ರಸಾಯನಶಾಸ್ತ್ರದ ನಿವೃತ್ತ ಅಧ್ಯಾಪಕರೊಬ್ಬರು ನನಗೆ ಬಹುಕಾಲದ ಸ್ನೇಹಿತರು. ಅವರು ಸೀಸೆಯ ಕಡೆಗೆ ನೋಡಲೇ ಇಲ್ಲ. ಅಕ್ಕನ ಕಾಲಿಗೆ ಸುತ್ತಿದ್ದ ಬಟ್ಟೆಯನ್ನು ನೋಡಿ, "ನೀರಿನ ವಿಚಾರ ಆಮೇಲೆ ಮಾತಾಡೋಣ ಸ್ವಾಮಿ. ಮೊದಲು ಅಮ್ಮನವರನ್ನು ಆಸ್ಪತ್ರೆಗೆ ಕರೆದೊಯ್ಯಿರಿ" ಎಂದರು. ಆಸ್ಪತ್ರೆಯಲ್ಲಿ ಪರೀಕ್ಷಿಸಿದ ವೈದ್ಯರು ಒಳಗೆ ಕೀವು ತುಂಬಿದೆಯೆಂದೂ, ಸಕ್ಕರೆಯ ಪ್ರಮಾಣ ಏರಿದೆಯೆಂದೂ ಹೇಳಿ ಅಂದೇ ದಾಖಲು ಮಾಡಿಕೊಂಡರು. ನೋವಿಲ್ಲದಿರುವುದು ಗುಣವಾದುದರ ಲಕ್ಷಣವಲ್ಲ. ದೀರ್ಘಕಾಲದ ಸಕ್ಕರೆ ಕಾಯಿಲೆಯಿಂದ ಪಾದದ ನರಗಳು ಸ್ಪರ್ಶಜ್ಞಾನ ಕಳೆದುಕೊಳ್ಳುತ್ತವೆ, ಆದುದರಿಂದ ನೋವು ತಿಳಿಯುವುದಿಲ್ಲ ಎಂದು ಅವರು ವಿವರಿಸಿದರು. ಅಕ್ಕ ಎರಡು ವಾರ ಅಲ್ಲಿದ್ದಳು. ಹೆಬ್ಬೆರಳು ಹೋಯಿತು, ಪಾದ ಉಳಿಯಿತು.

ಆ ದಿನಗಳಲ್ಲಿ ಒಂದು ಸಂಜೆ ಅಧ್ಯಾಪಕರು ಭಾವನವರನ್ನು ಕೂರಿಸಿಕೊಂಡು ತಿಳಿಹೇಳಿದರು. ಸೀಸೆಯಲ್ಲಿ ಉಳಿದಿದ್ದ ಬೆಳ್ಳಿಯ ನೀರನ್ನು ಗಾಜಿನ ಲೋಟಕ್ಕೆ ಸುರಿದು ಅಳೆದರು. ಮಾಪಕ 7 ತೋರಿಸಿತು. ಮತ್ತೊಂದು ಲೋಟದಲ್ಲಿ ಬರಿಯ ಬಟ್ಟಿ ನೀರು. ಅದಕ್ಕೆ ಬೆರಳ ತುದಿಗೆ ಅಂಟಿದಷ್ಟು ಪುಡಿಯುಪ್ಪನ್ನು ಸ್ವಲ್ಪ ಸ್ವಲ್ಪವೇ ಉದುರಿಸಿ ಕಲಕುತ್ತ ಬಂದರು. ಮಾಪಕ 7ಕ್ಕೆ ಬಂದಾಗ ನಿಲ್ಲಿಸಿದರು. "ಮೇಷ್ಟರೇ, ಎರಡೂ ಲೋಟಕ್ಕೆ ಒಂದೇ ಅಂಕಿ. ಯಾವುದರಲ್ಲಿ ಬೆಳ್ಳಿ ಇದೆ ಎಂದು ನಿಮ್ಮ ಮಾಪಕವನ್ನೇ ಕೇಳಿ ಹೇಳಿ" ಎಂದರು. ಭಾವನವರು ಬಹಳ ಹೊತ್ತು ಸುಮ್ಮನಿದ್ದರು.

ಮಾಪಕ ಅಳೆಯುವುದೇನು?

ಆ ಮಾಪಕದ ತುದಿಯಲ್ಲಿ ಎರಡು ಲೋಹದ ಮೊನೆಗಳಿರುತ್ತವೆ. ಅವುಗಳ ನಡುವೆ ನೀರಿನ ಮೂಲಕ ವಿದ್ಯುತ್ತು ಎಷ್ಟು ಸುಲಭವಾಗಿ ಹರಿಯುತ್ತದೆಂಬುದಷ್ಟೇ ಅದಕ್ಕೆ ತಿಳಿಯುತ್ತದೆ. ಇದಕ್ಕೆ ವಿದ್ಯುತ್ ವಾಹಕತೆ ಎಂದು ಹೆಸರು; ಮೈಕ್ರೋಸೀಮೆನ್ಸ್ ಎಂಬ ಮಾನದಲ್ಲಿ ಇದನ್ನು ಹೇಳುತ್ತಾರೆ. ಅತ್ಯಂತ ಶುದ್ಧವಾದ ನೀರಿನ ವಾಹಕತೆ 25 ಡಿಗ್ರಿ ಉಷ್ಣತೆಯಲ್ಲಿ ಕೇವಲ 0.055. ಅದನ್ನು ಗಾಳಿಗೆ ತೆರೆದಿಟ್ಟರೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಕರಗಿ ಅದು ಸುಮಾರು 1ಕ್ಕೆ ಏರುತ್ತದೆ. ಯಾರೂ ಏನನ್ನೂ ಹಾಕದಿದ್ದರೂ ಅಂಕಿ ಏರುವುದು ಹೀಗೆ.

ನೀರಿನಲ್ಲಿ ವಿದ್ಯುತ್ತನ್ನು ಹೊತ್ತು ಸಾಗಿಸುವವು ಅಯಾನುಗಳು, ಎಂದರೆ ವಿದ್ಯುದಾವೇಶವುಳ್ಳ ಕಣಗಳು. ಉಪ್ಪಿನ ಅಯಾನು, ಸುಣ್ಣದ ಅಯಾನು, ಬೆಳ್ಳಿಯ ಅಯಾನು, ತಾಮ್ರದ ಅಯಾನು ಎಂಬ ಭೇದ ಮಾಪಕಕ್ಕೆ ಕಾಣದು. ಸಂತೆಯ ಬಾಗಿಲಲ್ಲಿ ನಿಂತು ಒಳಹೋದವರ ತಲೆ ಎಣಿಸುವವನಿಗೆ ಅವರ ಊರು ಹೆಸರು ತಿಳಿಯುವುದುಂಟೆ?

ಇನ್ನು ‘ಕಲಿಲ ಬೆಳ್ಳಿ’ ಎಂಬ ಹೆಸರನ್ನು ವಿಚಾರಿಸೋಣ. ಕಲಿಲವೆಂದರೆ ಅತಿ ಸೂಕ್ಷ್ಮವಾದ ಘನಕಣಗಳು ನೀರಿನಲ್ಲಿ ತಳಕ್ಕಿಳಿಯದೆ ತೇಲಾಡುತ್ತಿರುವ ಸ್ಥಿತಿ. ಚಿನ್ನದ ಇಂತಹ ಕಲಿಲವನ್ನು ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ 1857ರಲ್ಲಿ ವಿವರವಾಗಿ ಅಧ್ಯಯನ ಮಾಡಿದರು. ಪೂಜಾಗೃಹದ ಕಿಟಕಿಯಿಂದ ಬಂದ ಬಿಸಿಲಕೋಲಿನಲ್ಲಿ ವಿಭೂತಿಯ ಧೂಳು ಹೊಳೆಯುವಂತೆ, ಕಲಿಲದ ಮೂಲಕ ಬೆಳಕಿನ ಕಿರಣ ಹಾಯ್ದಾಗ ಅದರ ದಾರಿ ಕಾಣುತ್ತದೆ. ಒಂದೊಂದು ಕಣದಲ್ಲೂ ಸಾವಿರಾರು ಬೆಳ್ಳಿಯ ಪರಮಾಣುಗಳು ಒಟ್ಟುಗೂಡಿರುತ್ತವೆ. ಅವು ವಿದ್ಯುತ್ತನ್ನು ಸಾಗಿಸುವುದು ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಮನೆಯಲ್ಲಿ ಬ್ಯಾಟರಿಯಿಂದ ಮಾಡಿದ ತಿಳಿ ನೀರಿನಲ್ಲಿ ಬಹುಭಾಗ ಇರುವುದು ಅಯಾನು; ಕಲಿಲ ಸ್ವಲ್ಪವೇ.

ಒಂದೊಂದು ಒಗಟಿಗೂ ಉತ್ತರ

ಇಷ್ಟು ತಿಳಿದ ಮೇಲೆ ಗುಬ್ಬಿ ಕುಣಿಗಲ್ಲುಗಳ ಜಗಳ ತಾನಾಗಿಯೇ ಬಗೆಹರಿಯುತ್ತದೆ.

ಅಣ್ಣನ ಮಾಪಕದಲ್ಲಿ 8, ತಮ್ಮನದರಲ್ಲಿ 4 ಬಂದುದೇಕೆ? ಅಣ್ಣನದು ಮೈಕ್ರೋಸೀಮೆನ್ಸ್ ತೋರಿಸುವ ಮಾಪಕ. ತಮ್ಮನದು ಪಿ.ಪಿ.ಎಂ. ತೋರಿಸುವುದು, ಎಂದರೆ ಲೀಟರಿಗೆ ಇಂತಿಷ್ಟು ಮಿಲಿಗ್ರಾಂ. ಆದರೆ ಅದು ತೂಕವನ್ನು ಅಳೆದು ಹೇಳಿದುದಲ್ಲ. ಅಳೆದ ವಾಹಕತೆಯನ್ನು 0.5ರಿಂದ ಗುಣಿಸಿ, ಕರಗಿರುವುದು ಅಡುಗೆಯ ಉಪ್ಪು ಎಂದು ಭಾವಿಸಿ ಹೇಳಿದ ಅಂದಾಜು. ಕೆಲವು ಮಾಪಕಗಳು 0.7ರಿಂದ ಗುಣಿಸುವುದೂ ಉಂಟು. ನೀರು ಒಂದೇ, ಗುಣಕ ಬೇರೆ. ಆ ಪಿ.ಪಿ.ಎಂ. ಬೆಳ್ಳಿಯದೆಂದು ತಿಳಿಯುವುದು ದೊಡ್ಡ ತಪ್ಪು.

ರಾತ್ರಿ ಕಳೆದು ಅಂಕಿ ಇಳಿದುದೇಕೆ? ಬೆಳ್ಳಿಯ ತಂತಿಗಳ ನಡುವೆ ವಿದ್ಯುತ್ತು ಹರಿಯುವಾಗ ಬೆಳ್ಳಿಯ ಅಯಾನಿನೊಡನೆ ಹೈಡ್ರಾಕ್ಸೈಡ್ ಎಂಬ ಅಯಾನೂ ಹುಟ್ಟುತ್ತದೆ. ಅದು ವಿದ್ಯುತ್ತನ್ನು ಬಹು ಚುರುಕಾಗಿ ಸಾಗಿಸುತ್ತದೆ. ಲೀಟರಿಗೆ 1 ಮಿಲಿಗ್ರಾಂ ಬೆಳ್ಳಿ ಈ ಜೊತೆಯಲ್ಲಿದ್ದರೆ ವಾಹಕತೆ ಸುಮಾರು 2.4 ಆಗುತ್ತದೆ. ಕ್ರಮೇಣ ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿ ಆ ಹೈಡ್ರಾಕ್ಸೈಡನ್ನು ಬೈಕಾರ್ಬೊನೇಟ್ ಆಗಿ ಮಾರ್ಪಡಿಸುತ್ತದೆ. ಇದು ನಿಧಾನಗತಿಯ ಅಯಾನು. ಆಗ ಅಷ್ಟೇ ಬೆಳ್ಳಿಗೆ ವಾಹಕತೆ ಸುಮಾರು 1 ಮಾತ್ರ. ಬೆಳ್ಳಿ ಎಲ್ಲಿಗೂ ಹೋಗದೆಯೇ ಅಂಕಿ ಅರ್ಧಕ್ಕಿಂತ ಕೆಳಗೆ ಇಳಿಯಬಹುದು. ಜೊತೆಗೆ ಒಂದಷ್ಟು ಬೆಳ್ಳಿ ಕಣವಾಗಿ ಕೂಡಿಕೊಳ್ಳುವುದೂ ಪಾತ್ರೆಗೆ ಅಂಟುವುದೂ ಉಂಟು. ಉಷ್ಣತೆಯದೂ ಪಾತ್ರವಿದೆ. ಒಂದು ಡಿಗ್ರಿ ಏರಿದರೆ ವಾಹಕತೆ ಸುಮಾರು ನೂರಕ್ಕೆ ಎರಡರಷ್ಟು ಏರುತ್ತದೆ. ಆದುದರಿಂದ ಮಧ್ಯಾಹ್ನದ ಅಂಕಿಯನ್ನೂ ಮುಂಜಾನೆಯ ಅಂಕಿಯನ್ನೂ ಹೋಲಿಸುವಾಗ ಎಚ್ಚರ ಬೇಕು.

ತಮ್ಮನ ನೀರು ಕಂದಾಗಿದ್ದರೂ ಅಂಕಿ ಕಡಿಮೆ ಏಕೆ? ಅವರು ಹೆಚ್ಚು ಹೊತ್ತು ವಿದ್ಯುತ್ತು ಹರಿಸಿದುದರಿಂದ ಬೆಳ್ಳಿ ಕಣಗಳಾಗಿ ಒಟ್ಟುಗೂಡಿತ್ತು. ಹಳದಿ ಬಣ್ಣ ಕಣಗಳದು. ಕಣಗಳು ಕಣ್ಣಿಗೆ ಕಾಣುತ್ತವೆ, ಮಾಪಕಕ್ಕೆ ಕಾಣುವುದಿಲ್ಲ. ಅಂಕಿ ಕಡಿಮೆಯಿದ್ದ ಆ ಸೀಸೆಯಲ್ಲೇ ಬೆಳ್ಳಿ ಹೆಚ್ಚಾಗಿದ್ದಿರಬಹುದು! ಅಂಕಿಯನ್ನು ನಂಬಿ ‘ಸಾಲದು’ ಎಂದು ಇನ್ನಷ್ಟು ಕುಡಿಯುವವರ ಗತಿಯೇನೆಂದು ಓದುಗರೇ ಯೋಚಿಸಬೇಕು.

ಕೊಳವೆಬಾವಿಯ ನೀರು ಮಸಕಾದುದೇಕೆ? ಆ ನೀರಿನಲ್ಲಿರುವ ಕ್ಲೋರೈಡ್ ಬೆಳ್ಳಿಯನ್ನು ಹಿಡಿದು ಸಿಲ್ವರ್ ಕ್ಲೋರೈಡ್ ಎಂಬ ಬಿಳಿಯ ಪುಡಿಯಾಗಿಸಿತು. ಇದು ನೀರಿನಲ್ಲಿ ಕರಗುವುದು ಲೀಟರಿಗೆ ಸುಮಾರು 2 ಮಿಲಿಗ್ರಾಂ ಮಾತ್ರ. ಬೆಳಕು ಬಿದ್ದಾಗ ಅದು ಕಪ್ಪಾಗುತ್ತದೆ. ಹಿಂದಿನ ಕಾಲದ ಛಾಯಾಚಿತ್ರಗಳು ಬೆಳ್ಳಿಯ ಲವಣಗಳ ಈ ಗುಣದಿಂದಲೇ ಮೂಡುತ್ತಿದ್ದವು. ನಮ್ಮ ಜಠರದಲ್ಲಿಯೂ ಹೈಡ್ರೋಕ್ಲೋರಿಕ್ ಆಮ್ಲವಿದೆ. ಲೋಟದಲ್ಲಿ ಅಳೆದ ಬೆಳ್ಳಿಯ ಅಯಾನು ಹೊಟ್ಟೆಗಿಳಿದ ಕ್ಷಣವೇ ಅಲ್ಲಿನ ಕ್ಲೋರೈಡಿನೊಡನೆ ಕೂಡಿ ಬೇರೆಯೇ ಆಗುತ್ತದೆ. ಮಾಪಕ ಲೋಟದ ಸುದ್ದಿ ಹೇಳೀತೇ ಹೊರತು ಹೊಟ್ಟೆಯ ಸುದ್ದಿಯನ್ನಲ್ಲ.

ಇನ್ನೊಂದು ಸಂಗತಿ ಗುಬ್ಬಿಯ ಅಕ್ಕಸಾಲಿಗರಿಂದ ತಿಳಿಯಿತು. ಭಾವನವರು ತಂತಿಯಾಗಿ ಬಳಸಿದುದು ಮಕ್ಕಳು ಕೂಸಾಗಿದ್ದಾಗಿನ ಹಳೆಯ ಉಡಿದಾರವನ್ನು. ಒಡವೆಗೆ ಗಟ್ಟಿತನ ಬರಲೆಂದು ಬೆಳ್ಳಿಗೆ ತಾಮ್ರ ಬೆರೆಸುವುದು ಎಲ್ಲೆಡೆಯ ವಾಡಿಕೆ. ವಿದ್ಯುತ್ತು ಹರಿದಾಗ ತಾಮ್ರವೂ ಕರಗಿ ನೀರಿಗಿಳಿಯುತ್ತದೆ, ಮಾಪಕದ ಅಂಕಿಯಲ್ಲಿ ಸೇರಿಕೊಳ್ಳುತ್ತದೆ. ‘14 ಬೆಳ್ಳಿ’ ಎಂದು ಅವರು ಸಂತೋಷಪಟ್ಟುದರಲ್ಲಿ ತಾಮ್ರದ ಪಾಲೂ ಇತ್ತು.

ಬೆಳ್ಳಿಗೆ ಗುಣವಿಲ್ಲವೆ?

ಉಂಟು. ಪರ್ಷಿಯಾದ ದೊರೆ ಸೈರಸ್ ದಂಡಯಾತ್ರೆಗೆ ಹೊರಟಾಗ ಕಾಯಿಸಿದ ನೀರನ್ನು ಬೆಳ್ಳಿಯ ಪಾತ್ರೆಗಳಲ್ಲಿ ಒಯ್ಯುತ್ತಿದ್ದನೆಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. 1869ರಲ್ಲಿ ಫ್ರಾನ್ಸಿನ ರೌಲಿನ್ ಎಂಬ ವಿಜ್ಞಾನಿ ಬೆಳ್ಳಿಯ ಪಾತ್ರೆಯಲ್ಲಿ ಒಂದು ಜಾತಿಯ ಕಪ್ಪು ಬೂಷ್ಟು ಬೆಳೆಯದೆಂಬುದನ್ನು ಗಮನಿಸಿದರು. 1880ರ ಹೊತ್ತಿಗೆ ಜರ್ಮನಿಯ ವೈದ್ಯ ಕ್ರೆಡೆ ನವಜಾತ ಶಿಶುಗಳ ಕಣ್ಣಿಗೆ ಸಿಲ್ವರ್ ನೈಟ್ರೇಟಿನ ಹನಿ ಹಾಕಿ ಅನೇಕ ಮಕ್ಕಳನ್ನು ಕುರುಡುತನದಿಂದ ಉಳಿಸಿದರು. ಸುಟ್ಟಗಾಯಗಳಿಗೆ ಹಚ್ಚುವ ಸಿಲ್ವರ್ ಸಲ್ಫಾಡಯಾಜಿನ್ ಎಂಬ ಮುಲಾಮು 1960ರ ದಶಕದಿಂದ ಬಳಕೆಯಲ್ಲಿದೆ. 2009ರಲ್ಲಿ ಟಾಟಾ ಸಂಸ್ಥೆ ಭತ್ತದ ಹೊಟ್ಟಿನ ಬೂದಿಗೆ ಬೆಳ್ಳಿಯ ಸೂಕ್ಷ್ಮಕಣ ಸೇರಿಸಿದ ನೀರಿನ ಶೋಧಕವನ್ನು ಮಾರುಕಟ್ಟೆಗೆ ತಂದಿತು.

ಇವೆಲ್ಲವುಗಳಲ್ಲಿಯೂ ಬೆಳ್ಳಿ ದೇಹದ ಹೊರಗೆ, ಗೊತ್ತಾದ ಪ್ರಮಾಣದಲ್ಲಿ, ತಿಳಿದವರ ಕೈಯಲ್ಲಿ ಕೆಲಸ ಮಾಡಿದೆ. ಆಯುರ್ವೇದದ ರಜತಭಸ್ಮದ ಮಾತೆತ್ತುವವರೂ ಇದ್ದಾರೆ. ಅದು ಶೋಧನ ಮಾರಣಾದಿ ಸಂಸ್ಕಾರಗಳಿಂದ ಸಿದ್ಧವಾಗುವ, ವೈದ್ಯರು ತೂಗಿ ಕೊಡುವ ಔಷಧ. ಬ್ಯಾಟರಿಯ ನೀರಿಗೂ ಅದಕ್ಕೂ ಹೆಸರಿನ ಹೊರತು ಸಂಬಂಧವಿಲ್ಲ.

ಕುಡಿಯುವ ಬೆಳ್ಳಿಯ ವಿಷಯದಲ್ಲಿ ತಿಳಿದವರ ಅಭಿಪ್ರಾಯ ಸ್ಪಷ್ಟವಾಗಿದೆ. ಕಲಿಲ ಬೆಳ್ಳಿಯಿರುವ, ಅಂಗಡಿಯಲ್ಲಿ ಚೀಟಿಯಿಲ್ಲದೆ ಮಾರುವ ಔಷಧಗಳು ಯಾವ ರೋಗಕ್ಕೂ ಸುರಕ್ಷಿತವೂ ಪರಿಣಾಮಕಾರಿಯೂ ಎಂದು ಮಾನ್ಯವಾಗಿಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1999ರಲ್ಲಿಯೇ ಪ್ರಕಟಿಸಿತು. 2020ರ ಮಾರ್ಚಿಯಲ್ಲಿ ಕೋವಿಡ್ ಹರಡತೊಡಗಿದಾಗ ಅದಕ್ಕೆ ಬೆಳ್ಳಿಯ ನೀರೇ ಮದ್ದೆಂದು ಮಾರುತ್ತಿದ್ದವರಿಗೆ ಅಲ್ಲಿಯ ಸರ್ಕಾರ ಎಚ್ಚರಿಕೆಯ ಪತ್ರಗಳನ್ನು ಕಳುಹಿಸಿತು. ಕುಡಿಯುವ ನೀರಿನ ನಮ್ಮ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 0.1 ಮಿಲಿಗ್ರಾಂಗಿಂತ ಹೆಚ್ಚು ಬೆಳ್ಳಿ ಇರತಕ್ಕದ್ದಲ್ಲ. ಮನೆಯಲ್ಲಿ ಮಾಡಿದ ನೀರಿನಲ್ಲಿ 10 ಮಿಲಿಗ್ರಾಂ ಇದ್ದರೆ ಅದು ಈ ಮಿತಿಯ ನೂರು ಪಟ್ಟು.

ಹೆಚ್ಚಾದ ಬೆಳ್ಳಿ ಚರ್ಮದ ಕೆಳಗೆ ಸಂಗ್ರಹವಾಗುತ್ತದೆ. ಬೆಳಕಿಗೆ ಅದು ಕಪ್ಪಾಗಿ ಮುಖ, ಕೈ, ಉಗುರುಗಳು ನೀಲಿ ಬೆರೆತ ಬೂದುಬಣ್ಣಕ್ಕೆ ತಿರುಗುತ್ತವೆ. ಭಾವನವರ ಲೋಟದಲ್ಲಿ ಬಿಸಿಲಿಗೆ ಆದುದಕ್ಕೂ ಇದಕ್ಕೂ ಹತ್ತಿರದ ನಂಟಿದೆ. ಆರ್ಜೀರಿಯಾ ಎಂದು ಕರೆಯುವ ಈ ಬಣ್ಣ ಸಾಮಾನ್ಯವಾಗಿ ಜೀವಮಾನವಿಡೀ ಹೋಗುವುದಿಲ್ಲ. ಜೀವಮಾನದಲ್ಲಿ ಬಾಯಿಯ ಮೂಲಕ ಒಟ್ಟು ಸುಮಾರು 10 ಗ್ರಾಂ ಬೆಳ್ಳಿ ಸೇರುವವರೆಗೆ ಈ ಅಪಾಯವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮದುವೆ ಮುಂಜಿಗಳಲ್ಲಿ ಉಡುಗೊರೆ ಕೊಡುವ ಬೆಳ್ಳಿಯ ನಾಣ್ಯವೊಂದರ ತೂಕ ಅದು. ಲೀಟರಿಗೆ 10 ಮಿಲಿಗ್ರಾಂ ಇರುವ ನೀರನ್ನು ದಿನಕ್ಕೆ ಅರ್ಧ ಲೀಟರು ಕುಡಿದರೆ ಐದೂವರೆ ವರ್ಷಕ್ಕೆ ಆ ನಾಣ್ಯ ಪೂರ್ತಿ ಒಳಗಿಳಿದಿರುತ್ತದೆ. ಇದಲ್ಲದೆ ಥೈರಾಯ್ಡಿಗೆ ಕೊಡುವ ಗುಳಿಗೆ, ಸೋಂಕಿಗೆ ಕೊಡುವ ಕೆಲವು ಔಷಧಗಳು ದೇಹಕ್ಕೆ ಹತ್ತದಂತೆಯೂ ಬೆಳ್ಳಿ ತಡೆಯಬಲ್ಲದು. ಎಲ್ಲಕ್ಕಿಂತ ದೊಡ್ಡ ಹಾನಿ ನಮ್ಮ ಮನೆಯಲ್ಲಿ ಆದದ್ದೇ: ಸರಿಯಾದ ಚಿಕಿತ್ಸೆಗೆ ಹೋಗಬೇಕಾದ ದಿನಗಳು ಕಳೆದುಹೋದವು.

ಹಾಗಾದರೆ ಬೆಳ್ಳಿಯ ಲೋಟದಲ್ಲಿ ನೀರು ಕುಡಿಯಬಾರದೆ, ಕೂಸಿಗೆ ಬೆಳ್ಳಿಯ ಒಳಲೆ ಬೇಡವೆ ಎಂದು ತಾಯಂದಿರು ಕೇಳಬಹುದು. ಅದಕ್ಕೆ ಅಡ್ಡಿಯಿಲ್ಲ. ಗಟ್ಟಿ ಬೆಳ್ಳಿಯ ಪಾತ್ರೆಯಿಂದ ನೀರಿಗಿಳಿಯುವ ಬೆಳ್ಳಿ ಅತ್ಯಲ್ಪ. ಪಾತ್ರೆಯನ್ನು ಚೆನ್ನಾಗಿ ತೊಳೆದು ಬಳಸಿದರಾಯಿತು.

ನಮ್ಮ ಜಿಲ್ಲೆಯ ನೀರು

ಇದೇ ತಪ್ಪು ಬೆಳ್ಳಿಯ ನೀರಿನಲ್ಲಷ್ಟೇ ಅಲ್ಲದೆ ದಿನನಿತ್ಯದ ನೀರಿನಲ್ಲೂ ನಡೆಯುತ್ತಿದೆ. ತುಮಕೂರು ನಗರಕ್ಕೆ ಬುಗುಡನಹಳ್ಳಿಯ ಕೆರೆಯ ಮೂಲಕ ಹೇಮಾವತಿಯ ನೀರು ಬರುತ್ತದೆ. ಹಳ್ಳಿಗಳಲ್ಲಿ ಇಂದಿಗೂ ಕೊಳವೆಬಾವಿಯೇ ಆಧಾರವಾಗಿರುವ ಮನೆಗಳು ಬಹಳ. ಮಾಪಕವನ್ನು ಅದ್ದಿ, ಅಂಕಿ ಕಡಿಮೆ ಬಂದರೆ ‘ಒಳ್ಳೆಯ ನೀರು’ ಎಂದುಬಿಡುತ್ತೇವೆ. ಕರಗಿದ ಲವಣಾಂಶ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರು ಸಿಕ್ಕದಿದ್ದರೆ 2000ದವರೆಗೆ ಸಹಿಸಬಹುದೆಂದು ಮಾನಕ ಹೇಳುತ್ತದೆ. ಆದರೆ ಫ್ಲೋರೈಡಿನ ಮಿತಿ ಲೀಟರಿಗೆ 1 ಮಿಲಿಗ್ರಾಂ, ಹೆಚ್ಚೆಂದರೆ 1.5. ನೂರಾರು ಮಿಲಿಗ್ರಾಂ ಲವಣದ ನಡುವೆ ಆ ಒಂದೆರಡು ಮಿಲಿಗ್ರಾಂ ಮಾಪಕಕ್ಕೆ ಬೇರೆಯಾಗಿ ಕಾಣುವಂತಿಲ್ಲ. ನಮ್ಮ ಜಿಲ್ಲೆಯ ಪಾವಗಡದಲ್ಲಿ ಫ್ಲೋರೈಡಿನಿಂದ ಹಲ್ಲು ಮೂಳೆಗಳು ಕೆಟ್ಟವರನ್ನು ನಾವು ಕಣ್ಣಾರೆ ಕಂಡಿದ್ದೇವೆ. ರೋಗಾಣುಗಳಂತೂ ಮಾಪಕಕ್ಕೆ ಕಾಣುವುದೇ ಇಲ್ಲ. ರೋಗಾಣುಗಳಿಗೆ ಕುದಿಸುವುದೇ ಮದ್ದು. ಫ್ಲೋರೈಡ್ ಕುದಿಸಿದರೂ ಹೋಗದು, ಬೆಳ್ಳಿಯಿಂದಲೂ ಹೋಗದು. ನೀರಿನ ಗುಣ ತಿಳಿಯಬೇಕಾದರೆ ಸರ್ಕಾರದ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಒಂದು ಸೀಸೆ ನೀರು ಒಯ್ದು ಕೊಡುವುದೇ ಸರಿಯಾದ ದಾರಿ.

ಕೊನೆಯ ಮಾತು

ಭಾವನವರು ಅಂದು ಆಸ್ಪತ್ರೆಯ ಮೊಗಸಾಲೆಯಲ್ಲಿ ಕುಳಿತು, "ನಾನು ಲೆಕ್ಕದಲ್ಲಿ ತಪ್ಪಲಿಲ್ಲಪ್ಪಾ, ಏನನ್ನು ಎಣಿಸುತ್ತಿದ್ದೇನೆ ಎಂಬುದನ್ನೇ ಕೇಳಿಕೊಳ್ಳಲಿಲ್ಲ" ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಅವರು ಹೆಂಡತಿಗೆ ಕೇಡು ಬಗೆದವರಲ್ಲ. ಪ್ರತಿದಿನ ಮುಂಜಾನೆ ಎದ್ದು ಪ್ರೀತಿಯಿಂದ ಆ ನೀರನ್ನು ಸಿದ್ಧಪಡಿಸಿದವರು. ಪ್ರೀತಿಗೆ ಅರಿವು ಜೊತೆಯಾಗದಿದ್ದರೆ ಹೀಗಾಗುತ್ತದೆ.

ನಮ್ಮ ಶರಣರು ಅರಿವನ್ನೇ ಗುರುವೆಂದು ತಿಳಿದವರು. ಕರಡಿಗೆ ಬೆಳ್ಳಿಯದಾಗಲಿ, ಹಿತ್ತಾಳೆಯದಾಗಲಿ, ಮರದ್ದಾಗಲಿ, ಒಳಗಿರುವ ಲಿಂಗದ ಮಹಿಮೆಗೆ ಅದರಿಂದ ಹೆಚ್ಚು ಕಡಿಮೆಯಿಲ್ಲ. ಪಾದೋದಕದ ಹಿರಿಮೆಯೂ ಅದನ್ನು ತುಂಬಿದ ಬಟ್ಟಲಿನ ಲೋಹದಿಂದ ಬಂದುದಲ್ಲ. ಬೆಳ್ಳಿ ಪವಿತ್ರವೆಂಬ ಭಾವನೆಯಿಂದ ಅದನ್ನು ಕುಡಿಯಹೊರಡುವುದು ಭಕ್ತಿಯೂ ಅಲ್ಲ, ವೈದ್ಯವೂ ಅಲ್ಲ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ ದಿನವೂ ರಾತ್ರಿ ಅವರ ಪಾದಗಳನ್ನು ಬೆಳಕಿನಲ್ಲಿ ನೋಡಿರಿ. ಸಣ್ಣ ಗಾಯವಾದರೂ ವೈದ್ಯರಿಗೆ ತೋರಿಸಿರಿ. ಅವರನ್ನು ಕೇಳದೆ ಒಂದು ಗುಳಿಗೆಯನ್ನೂ ನಿಲ್ಲಿಸಬೇಡಿರಿ.

ಅಕ್ಕ ಈಗ ಕೋಲು ಹಿಡಿದು ನಡೆಯುತ್ತಾಳೆ. ಉಳಿದ ತಂತಿಯ ಚೂರುಗಳನ್ನು ಭಾವನವರು ಅಕ್ಕಸಾಲಿಗರಿಗೆ ಕೊಟ್ಟು, ಇನ್ನಷ್ಟು ಬೆಳ್ಳಿ ಸೇರಿಸಿ, ಈ ಯುಗಾದಿಗೆ ಹುಟ್ಟಿದ ಮೊಮ್ಮಗುವಿಗೆ ಪುಟ್ಟ ಉಡಿದಾರವನ್ನು ಮಾಡಿಸಿದ್ದಾರೆ. ಅಕ್ಕನೇ ಅದನ್ನು ಕೂಸಿನ ಸೊಂಟಕ್ಕೆ ಕಟ್ಟಿದಳು.